ರಸಾಯನಜ್ಞ ಫ್ರೀಡ್ರಿಶ್ ವೋಲರ್

(ಅಂತಿಮ ಬಿ.ಎ. ವಿದ್ಯಾರ್ಥಿ, ಮದಕರಿಪುರ)

ಚಿತ್ರದುರ್ಗದ ಸೀಮೆಯವರಾದ ನಮಗೆ ಕೋಟೆಯೆಂದೊಡನೆ ನೆನಪಾಗುವುದು ಕಲ್ಲಿನ ಕೋಟೆ. ಏಳು ಸುತ್ತಿನ ಆ ಗೋಡೆಗಳು 1779ರಲ್ಲಿ ಹೈದರಾಲಿಯ ವಶವಾದ ಕಥೆಯನ್ನು ಅಕ್ಷರ ಬಾರದ ಹಿರಿಯರೂ ನಮ್ಮಲ್ಲಿ ಬಲ್ಲರು. ಆದರೆ ಮನುಷ್ಯನ ಬುದ್ಧಿ ತಾನೇ ಕಟ್ಟಿಕೊಂಡು ತಾನೇ ಒಳಗೆ ಸೆರೆಯಾಗುವ ಕೋಟೆಗಳೂ ಉಂಟು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಯೂರೋಪಿನ ಪಂಡಿತರು ಲೋಕದ ವಸ್ತುಗಳನ್ನೆಲ್ಲ ಎರಡು ಪಾಳೆಯಗಳಾಗಿ ಬೇರ್ಪಡಿಸಿ ನಡುವೆ ಅಂಥದೊಂದು ಗೋಡೆಯನ್ನು ಎಬ್ಬಿಸಿದ್ದರು. ಕಲ್ಲು, ಉಪ್ಪು, ಲೋಹ ಮೊದಲಾದುವು ಒಂದು ಕಡೆ. ಸಕ್ಕರೆ, ಎಣ್ಣೆ, ರಕ್ತ, ಮೂತ್ರ ಮೊದಲಾದುವುಗಳಲ್ಲಿರುವ ಪದಾರ್ಥಗಳು ಇನ್ನೊಂದು ಕಡೆ. ಎರಡನೆಯ ಬಗೆಯ ಪದಾರ್ಥಗಳು ಗಿಡಮರಗಳಲ್ಲಿ ಅಥವಾ ಪ್ರಾಣಿಗಳ ಒಡಲಿನಲ್ಲಿ ಮಾತ್ರವೇ ಹುಟ್ಟಬಲ್ಲುವು, ಅವುಗಳನ್ನು ಹುಟ್ಟಿಸಲು ಜೀವಶಕ್ತಿ ಎಂಬ ಒಂದು ಗೂಢಶಕ್ತಿ ಬೇಕು, ಮನುಷ್ಯನ ಕೈಗೆ ಅದು ಎಟುಕದು ಎಂದು ಬಹು ಮಂದಿ ನಂಬಿದ್ದರು. ಆ ಗೋಡೆಯಿಂದ ಮೊದಲ ಕಲ್ಲನ್ನು ಸಡಿಲಿಸಿದವನು ಜರ್ಮನಿಯ ಫ್ರೀಡ್ರಿಶ್ ವೋಲರ್.

ಕನ್ನಡವನ್ನೂ ಇತಿಹಾಸವನ್ನೂ ಓದುವ ಬಿ.ಎ. ವಿದ್ಯಾರ್ಥಿಗೆ ರಸಾಯನದ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ನಾನೇ ಮೊದಲಿಗನು. ಮುಂಗಾರಿನಲ್ಲಿ ನಮ್ಮ ಹೊಲಕ್ಕೆ ಬರುವ ಯೂರಿಯಾ ಚೀಲವನ್ನು ಹೊತ್ತು ಬೆಳೆದವನು. ಆ ಚೀಲದ ಮೇಲಿನ ಹೆಸರಿನ ಮೂಲವನ್ನು ಹುಡುಕುತ್ತ ಹೋದಾಗ ನನಗೆ ವೋಲರನು ದೊರೆತನು. ಜೊತೆಗೆ ಇನ್ನೊಂದು ಆಶ್ಚರ್ಯವೂ ಕಾದಿತ್ತು. ಸಾವಯವ ರಸಾಯನಶಾಸ್ತ್ರದಲ್ಲಿ ಲಕ್ಷಾಂತರ ಸಂಯುಕ್ತಗಳಿದ್ದರೂ ಅವುಗಳಲ್ಲಿ ನಡೆಯುವ ಕ್ರಿಯೆಗಳ ಮುಖ್ಯ ಬಗೆಗಳು ಬೆರಳೆಣಿಕೆಯವು. ಅವುಗಳ ಸ್ವರೂಪವಾದರೋ ನಾವು ಪ್ರೌಢಶಾಲೆಯಲ್ಲಿ ಬಾಯಿಪಾಠ ಮಾಡಿದ ಸಂಧಿಪ್ರಕರಣವನ್ನೇ ಹೋಲುತ್ತದೆ. ವೋಲರನ ಜೀವನವನ್ನು ಹೇಳುತ್ತ ಹೋದರೆ ಆ ಬಗೆಗಳೆಲ್ಲವೂ ಒಂದೊಂದಾಗಿ ದಾರಿಯಲ್ಲಿಯೇ ಸಿಕ್ಕುತ್ತವೆ. ವಿಜ್ಞಾನದ ಗುರುಗಳು ನನ್ನ ಈ ಸಾಹಸವನ್ನು ಮನ್ನಿಸುವರೆಂದು ನಂಬಿ ಬರೆಯುತ್ತಿದ್ದೇನೆ.

ಫ್ರೀಡ್ರಿಶ್ ವೋಲರ್ 1800ನೆಯ ಇಸವಿ ಜುಲೈ 31ರಂದು ಫ್ರಾಂಕ್‌ಫರ್ಟ್ ನಗರದ ಬಳಿಯ ಎಶರ್ಸ್‌ಹೈಮ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆಯು ಕುದುರೆಗಳ ಪಾಲನೆಯನ್ನೂ ಪಶುವೈದ್ಯವನ್ನೂ ಬಲ್ಲವನು. ಬಾಲಕನಿಗೆ ಶಾಲೆಯ ಪಾಠಕ್ಕಿಂತ ಖನಿಜದ ಕಲ್ಲುಗಳನ್ನು ಕೂಡಿಹಾಕುವುದರಲ್ಲಿ ಹೆಚ್ಚಿನ ಆಸಕ್ತಿ. ವೈದ್ಯನಾಗಬೇಕೆಂದು ಮಾರ್‌ಬುರ್ಗ್ ವಿಶ್ವವಿದ್ಯಾನಿಲಯವನ್ನು ಸೇರಿದಾಗ ತಾನು ತಂಗಿದ್ದ ಕೊಠಡಿಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡನು. ಅಲ್ಲಿಂದ ಹೈಡಲ್‌ಬರ್ಗಿಗೆ ಹೋಗಿ 1823ರಲ್ಲಿ ವೈದ್ಯಪದವಿಯನ್ನು ಪಡೆದನು. ಅಲ್ಲಿನ ರಸಾಯನದ ಪ್ರಾಧ್ಯಾಪಕ ಗ್ಮೆಲಿನ್ ಈ ತರುಣನ ಕೈಚಳಕವನ್ನು ಕಂಡು, ವೈದ್ಯವೃತ್ತಿಯನ್ನು ಬಿಟ್ಟು ರಸಾಯನವನ್ನೇ ಹಿಡಿಯುವಂತೆ ಬುದ್ಧಿ ಹೇಳಿದನು.

ಆ ಕಾಲದಲ್ಲಿ ರಸಾಯನಶಾಸ್ತ್ರದ ಚಕ್ರವರ್ತಿಯೆಂದರೆ ಸ್ವೀಡನ್ನಿನ ಬರ್ಜೀಲಿಯಸ್. ವೋಲರನು ಆತನಲ್ಲಿ ಶಿಷ್ಯವೃತ್ತಿ ಮಾಡಲು ಸ್ಟಾಕ್‌ಹೋಮಿಗೆ ಹೊರಟನು. ಲೋಕವಿಖ್ಯಾತನ ಪ್ರಯೋಗಶಾಲೆ ಅರಮನೆಯಂತಿರಬಹುದೆಂದು ನಾವು ಎಣಿಸಬಹುದು. ಅಲ್ಲಿದ್ದುದು ಎರಡು ಸಾಧಾರಣ ಕೋಣೆಗಳು. ನಲ್ಲಿಯ ನೀರಿಲ್ಲ, ಅನಿಲದ ಒಲೆಯಿಲ್ಲ. ಪಾತ್ರೆಗಳನ್ನು ತೊಳೆಯುವವಳು ಅನ್ನಾ ಎಂಬ ಅಡುಗೆಯ ಹೆಂಗಸು. ಪ್ರಯೋಗಕ್ಕೆ ಸಲಕರಣೆ ಸಾಲದೆಂದು ಕೊರಗುವ ನಮ್ಮಂಥ ಸರ್ಕಾರಿ ಕಾಲೇಜಿನವರಿಗೆ ಇದು ಧೈರ್ಯ ಕೊಡುವ ಸಂಗತಿ. ಸುಮಾರು ಒಂದು ವರ್ಷ ಅಲ್ಲಿದ್ದು ವೋಲರನು ತೂಕದ ನಿಷ್ಠೆಯನ್ನೂ ತಾಳ್ಮೆಯನ್ನೂ ಕಲಿತನು. ಸ್ವೀಡಿಷ್ ಭಾಷೆಯನ್ನೂ ಕಲಿತನು. ಮುಂದೆ ಅನೇಕ ವರ್ಷಗಳ ಕಾಲ ಬರ್ಜೀಲಿಯಸನ ಗ್ರಂಥವನ್ನೂ ವಾರ್ಷಿಕ ವರದಿಗಳನ್ನೂ ಜರ್ಮನ್ ಭಾಷೆಗೆ ತರುವ ಶ್ರಮವನ್ನು ತಾನೇ ವಹಿಸಿದನು. ತನ್ನ ಜನರು ತಮ್ಮ ಮಾತಿನಲ್ಲಿಯೇ ಶಾಸ್ತ್ರವನ್ನು ಓದಬೇಕೆಂಬ ಈ ಹಂಬಲ ನಮ್ಮಲ್ಲಿಯೂ ಇತ್ತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಲ್ಲಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಆರಂಭಿಸಿದ್ದನ್ನು ಇಲ್ಲಿ ಗೌರವದಿಂದ ನೆನೆಯಬೇಕು.

ವೋಲರನು ಅಷ್ಟರಲ್ಲಿ ಸಯನೇಟ್ ಎಂಬ ಲವಣಗಳನ್ನು ಶೋಧಿಸುತ್ತಿದ್ದನು. ಆತನ ಬೆಳ್ಳಿಯ ಸಯನೇಟಿನಲ್ಲಿ ಯಾವ ಮೂಲವಸ್ತುಗಳು ಎಷ್ಟೆಷ್ಟು ಪ್ರಮಾಣದಲ್ಲಿದ್ದುವೋ ಅವೇ ಮೂಲವಸ್ತುಗಳು ಅಷ್ಟಷ್ಟೇ ಪ್ರಮಾಣದಲ್ಲಿ, ಪ್ಯಾರಿಸಿನಲ್ಲಿ ಕೆಲಸ ಮಾಡುತ್ತಿದ್ದ ಲೀಬಿಗ್ ಎಂಬ ಇನ್ನೊಬ್ಬ ಜರ್ಮನ್ ತರುಣನ ಬೆಳ್ಳಿಯ ಫಲ್ಮಿನೇಟಿನಲ್ಲಿಯೂ ಇದ್ದುವು. ಆದರೆ ಮೊದಲನೆಯದು ಸೌಮ್ಯ ಪದಾರ್ಥ. ಎರಡನೆಯದು ಸ್ವಲ್ಪ ತಾಕಿದರೂ ಸಿಡಿಯುವ ಉಗ್ರ ಪದಾರ್ಥ. ಲೀಬಿಗ್ ಮೊದಲು ವೋಲರನ ಲೆಕ್ಕವೇ ತಪ್ಪೆಂದನು. 1826ರಲ್ಲಿ ಮತ್ತೆ ತೂಗಿ ನೋಡಿ, ಇಬ್ಬರದೂ ಸರಿಯೆಂದು ಒಪ್ಪಿದನು. ಜಗಳದಿಂದ ಹುಟ್ಟಿದ ಪರಿಚಯವು ಜೀವನಪರ್ಯಂತದ ಗೆಳೆತನವಾಯಿತು.

ಒಂದೇ ಸಾಮಗ್ರಿಯಿಂದ ಎರಡು ಪದಾರ್ಥಗಳು ಹೇಗಾದಾವು? ಕನ್ನಡದ ವಿದ್ಯಾರ್ಥಿಗೆ ಇದು ಕಠಿಣವಲ್ಲ. ‘ಕಪಿ’ ಎಂದು ಬರೆದು ಅಕ್ಷರಗಳ ಸ್ಥಾನ ಬದಲಿಸಿದರೆ ‘ಪಿಕ’ವಾಗುತ್ತದೆ. ಒಂದಕ್ಷರ ಹೆಚ್ಚಲಿಲ್ಲ, ಒಂದಕ್ಷರ ಕಡಿಮೆಯಾಗಲಿಲ್ಲ. ಆದರೆ ಕೊಂಬೆಯಲ್ಲಿ ಕುಳಿತಿದ್ದ ಕೋತಿ ಹೋಗಿ ಕೋಗಿಲೆ ಬಂದಿತು. ವಸ್ತುವಿನ ಗುಣವು ಪರಮಾಣುಗಳ ಎಣಿಕೆಯಿಂದಷ್ಟೇ ಅಲ್ಲದೆ ಅವುಗಳ ಜೋಡಣೆಯಿಂದಲೂ ಬರುವುದೆಂಬ ಈ ತತ್ತ್ವಕ್ಕೆ ಬರ್ಜೀಲಿಯಸನು ಮುಂದೆ ಒಂದು ಹೆಸರನ್ನಿಟ್ಟನು. ಕನ್ನಡದಲ್ಲಿ ಅದನ್ನು ಸಮಾಂಗತೆ ಎನ್ನುತ್ತಾರೆ.

1825ರಲ್ಲಿ ವೋಲರನು ಬರ್ಲಿನ್ನಿನ ಒಂದು ಕೈಗಾರಿಕಾ ಶಾಲೆಗೆ ಉಪಾಧ್ಯಾಯನಾಗಿ ಬಂದನು. 1827ರಲ್ಲಿ ಅಲ್ಯುಮಿನಿಯಂ ಲೋಹವನ್ನು ಪುಡಿಯ ರೂಪದಲ್ಲಿ ಬೇರ್ಪಡಿಸಿದನು. ಡೆನ್ಮಾರ್ಕಿನ ಅರ್ಸ್ಟೆಡ್ ಅದಕ್ಕೆ ಎರಡು ವರ್ಷ ಮೊದಲೇ ಈ ಯತ್ನದಲ್ಲಿ ತೊಡಗಿದ್ದನು. 1828ನೆಯ ವರ್ಷವಾದರೋ ಇತಿಹಾಸದಲ್ಲಿ ಉಳಿಯಿತು. ಅಮೋನಿಯಂ ಸಯನೇಟ್ ಎಂಬ ಲವಣವನ್ನು ಪಡೆಯಬೇಕೆಂದು ವೋಲರನು ಬೆಳ್ಳಿಯ ಸಯನೇಟನ್ನು ನವಸಾಗರದ ದ್ರಾವಣದೊಡನೆ ಕೂಡಿಸಿ, ಬಂದ ದ್ರಾವಣವನ್ನು ಆವಿಗೊಳಿಸಿದನು. ದೊರೆತುವು ಬಿಳಿಯ ಹರಳುಗಳು. ಪರೀಕ್ಷಿಸಿದರೆ ಅವು ಸಯನೇಟಿನಂತೆಯೂ ವರ್ತಿಸಲಿಲ್ಲ, ಅಮೋನಿಯಂ ಲವಣದಂತೆಯೂ ವರ್ತಿಸಲಿಲ್ಲ. ವೈದ್ಯಶಾಸ್ತ್ರವನ್ನು ಓದಿದ್ದ ಆತನಿಗೆ ಒಂದು ಸಂದೇಹ ಹೊಳೆಯಿತು. ಮೂತ್ರದಿಂದ ತೆಗೆದ ಯೂರಿಯಾದೊಡನೆ ಹೋಲಿಸಿ ನೋಡಿದನು, ಎರಡೂ ಒಂದೇ! ಮನುಷ್ಯನದಾಗಲಿ ನಾಯಿಯದಾಗಲಿ ಮೂತ್ರಪಿಂಡದ ನೆರವಿಲ್ಲದೆ ಯೂರಿಯಾವನ್ನು ಮಾಡಿದೆನೆಂದು ಗುರುವಿಗೆ ಹಿಗ್ಗಿನಿಂದ ಕಾಗದ ಬರೆದನು.

ಇಲ್ಲಿ ನಡೆದುದೇನು? ಅಮೋನಿಯಂ ಸಯನೇಟಿನಲ್ಲಿ ಒಂದು ಇಂಗಾಲ, ಒಂದು ಆಮ್ಲಜನಕ, ಎರಡು ಸಾರಜನಕ, ನಾಲ್ಕು ಜಲಜನಕದ ಪರಮಾಣುಗಳುಂಟು. ಯೂರಿಯಾದಲ್ಲಿಯೂ ಅಷ್ಟೇ. ಹೊರಗಿನಿಂದ ಏನೂ ಬರಲಿಲ್ಲ, ಒಳಗಿನಿಂದ ಏನೂ ಹೋಗಲಿಲ್ಲ. ಇದ್ದವರೇ ಜಾಗ ಬದಲಿಸಿ ಕುಳಿತರು. ಸಾವಯವ ಕ್ರಿಯೆಗಳಲ್ಲಿ ಇದೊಂದು ಬಗೆ: ಪುನರ್ವಿನ್ಯಾಸ. ಕಪಿಯು ಪಿಕವಾದಂತೆ ಲವಣವು ಯೂರಿಯಾ ಆಯಿತು.

ಮುಂದಿನ ಬಗೆಯು ಆತನ ಜೀವನದ ದುಃಖದ ಗಳಿಗೆಯಲ್ಲಿ ಬೆಳಕಿಗೆ ಬಂದಿತು. 1830ರಲ್ಲಿ ಮದುವೆಯಾಗಿ, 1831ರಲ್ಲಿ ಕಾಸೆಲ್ ಎಂಬ ಊರಿಗೆ ಹೋಗಿ ನೆಲೆಸಿದ್ದ ವೋಲರನು 1832ರಲ್ಲಿ ಪತ್ನಿಯನ್ನು ಕಳೆದುಕೊಂಡನು. ಎರಡು ಎಳೆಯ ಮಕ್ಕಳು, ಬರಿದಾದ ಮನೆ. ಲೀಬಿಗ್ ಗೆಳೆಯನನ್ನು ತನ್ನ ಊರಾದ ಗೀಸೆನ್ನಿಗೆ ಕರೆಸಿಕೊಂಡು, ಕೆಲಸದಲ್ಲಿಯೇ ಮನಸ್ಸಿಗೆ ಸಮಾಧಾನ ಕಾಣುವಂತೆ ಮಾಡಿದನು. ಇಬ್ಬರೂ ಕೂಡಿ ಕಹಿಬಾದಾಮಿಯ ಎಣ್ಣೆಯನ್ನು ಶೋಧಿಸಿದರು. ಅದನ್ನು ಗಾಳಿಗೆ ತೆರೆದಿಟ್ಟರೆ ಆಮ್ಲಜನಕವನ್ನು ಹೀರಿ ಬೆಂಜೋಯಿಕ್ ಆಮ್ಲವಾಗುತ್ತಿತ್ತು, ಇದು ಉತ್ಕರ್ಷಣ. ಅದರ ಮೇಲೆ ಕ್ಲೋರಿನ್ ಅನಿಲವನ್ನು ಹಾಯಿಸಿದರೆ ಒಂದು ಜಲಜನಕವು ಎದ್ದುಹೋಗಿ ಅದರ ಪೀಠದಲ್ಲಿ ಕ್ಲೋರಿನ್ ಕೂಡುತ್ತಿತ್ತು. ಆ ಕ್ಲೋರಿನ್ನನ್ನು ತೆಗೆದು ಬ್ರೋಮಿನ್ನನ್ನೋ ಅಯೋಡಿನ್ನನ್ನೋ ಕೂಡಿಸಬಹುದಾಗಿತ್ತು. ಏನು ಮಾಡಿದರೂ ಏಳು ಇಂಗಾಲ, ಐದು ಜಲಜನಕ, ಒಂದು ಆಮ್ಲಜನಕದ ಗುಂಪೊಂದು ಮಾತ್ರ ಅಲುಗದೆ ಉಳಿಯುತ್ತಿತ್ತು. ಅದಕ್ಕೆ ಬೆಂಜಾಯಿಲ್ ಎಂದು ಹೆಸರಿಟ್ಟರು. ಇದನ್ನು ಓದಿದ ಬರ್ಜೀಲಿಯಸನಿಗೆ ಸಾವಯವ ರಸಾಯನದಲ್ಲಿ ಅರುಣೋದಯವಾದಂತೆ ತೋರಿತಂತೆ.

ಇಲ್ಲಿ ನಮ್ಮ ವ್ಯಾಕರಣವನ್ನು ನೆನೆಯಿರಿ. ‘ಮಳೆ’ಗೆ ‘ಕಾಲ’ ಸೇರಿದರೆ ‘ಮಳೆಗಾಲ’. ಕಕಾರವು ಎದ್ದುಹೋಗಿ ಗಕಾರವು ಬಂದಿತು; ಉಳಿದುದೆಲ್ಲ ಹಾಗೆಯೇ ಇದೆ. ಇದು ಆದೇಶಸಂಧಿ. ಒಂದು ಪರಮಾಣುವಿನ ಸ್ಥಾನಕ್ಕೆ ಇನ್ನೊಂದು ಬರುವ ಕ್ರಿಯೆಯನ್ನು ಕನ್ನಡದ ರಸಾಯನ ಪುಸ್ತಕಗಳು ಆದೇಶನ ಕ್ರಿಯೆ ಎಂದೇ ಕರೆಯುತ್ತವೆ. ಪಾರಿಭಾಷಿಕ ಪದವನ್ನು ಮಾಡಿದ ಹಿರಿಯರಿಗೆ ನಮಸ್ಕಾರ!

1834ರಲ್ಲಿ ವೋಲರನು ಮರುಮದುವೆಯಾದನು. ನಾಲ್ವರು ಹೆಣ್ಣುಮಕ್ಕಳು ಹುಟ್ಟಿದರು. 1836ರಲ್ಲಿ ಗಟ್ಟಿಂಗೆನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪೀಠವು ದೊರೆಯಿತು. ಈ ಕಾಲದಲ್ಲಿಯೇ ಆತನು ಸಾವಯವ ರಸಾಯನವನ್ನು, ಒಳಹೊಕ್ಕರೆ ಹೊರಬರುವ ದಾರಿ ಕಾಣದ ದಟ್ಟ ಅಡವಿಗೆ ಹೋಲಿಸಿದನು. ಪಂಡಿತನಾದವನಿಗೇ ಹೀಗೆ ತೋರಿದ್ದರೆ ಪರೀಕ್ಷೆಯ ಹಿಂದಿನ ರಾತ್ರಿ ವಿಜ್ಞಾನದ ಗೆಳೆಯರು ಬೆವರುವುದರಲ್ಲಿ ಆಶ್ಚರ್ಯವೇನು?

1837ರಲ್ಲಿ ಗೆಳೆಯರಿಬ್ಬರೂ ಕಹಿಬಾದಾಮಿಗೆ ಮರಳಿ ಬಂದರು. ಆ ಬೀಜದಲ್ಲಿ ಅಮಿಗ್ಡಲಿನ್ ಎಂಬ ಪದಾರ್ಥವಿದೆ. ಬೀಜವನ್ನು ಅರೆದು ನೀರು ಬೆರೆಸಿದಾಗ, ಬೀಜದಲ್ಲಿಯೇ ಇರುವ ಕಿಣ್ವವು ಅದನ್ನು ಒಡೆದು ಸಕ್ಕರೆ, ಬಾದಾಮಿಯ ಎಣ್ಣೆ, ಹೈಡ್ರೋಸಯನಿಕ್ ಆಮ್ಲ ಎಂಬ ಘೋರ ವಿಷ, ಈ ಮೂರನ್ನಾಗಿ ಮಾಡುವುದೆಂದು ಅವರು ತೋರಿಸಿದರು. ನೀರಿನ ಅಣುವು ಸೇರಿ ದೊಡ್ಡ ಅಣುವನ್ನು ಸೀಳುವ ಈ ಬಗೆಯೇ ಜಲವಿಭಜನೆ. ಕಹಿಬಾದಾಮಿಯನ್ನು ನಾವು ಕಂಡವರಲ್ಲ. ಆದರೆ ಹಿರಿಯೂರು, ಹೊಸದುರ್ಗದ ಕಡೆಯ ರೈತರಿಗೆ ಜೋಳವು ಗೊತ್ತು. ಮಳೆ ಕೈಕೊಟ್ಟು ಬಾಡಿ ಕುಗ್ಗಿದ ಎಳೆಯ ಜೋಳದ ಪೈರಿಗೆ ದನ ಬಿಡಬಾರದೆಂದು ನಮ್ಮ ತಾತನವರು ಎಚ್ಚರಿಸುತ್ತಿದ್ದರು. ಮೇದ ದನ ಹೊಟ್ಟೆಯುಬ್ಬರಿಸುವ ಮೊದಲೇ ಒದ್ದಾಡಿ ಸಾಯುವುದೆಂದು ಹೇಳುತ್ತಿದ್ದರು. ಎಳೆ ಜೋಳದಲ್ಲಿ ಧುರ್ರಿನ್ ಎಂಬ ಪದಾರ್ಥವುಂಟು. ಅದು ಅಮಿಗ್ಡಲಿನ್ನಿನ ಬಂಧು. ದನವು ಅಗಿದಾಗ ಕಿಣ್ವವೂ ಧುರ್ರಿನ್ನೂ ಒಂದುಗೂಡಿ ಅದೇ ವಿಷವು ಹೊರಬೀಳುತ್ತದೆ. ಬರಗಾಲದಲ್ಲಿ ಕುಗ್ಗಿದ ಪೈರಿನಲ್ಲಿ ಇದರ ಅಂಶ ಹೆಚ್ಚು. ತಾತನವರು ಕಂಡಿದ್ದುದು ಫಲವನ್ನು. ಅದರ ಕಾರಣವನ್ನು ಗೀಸೆನ್ ಮತ್ತು ಗಟ್ಟಿಂಗೆನ್ನಿನ ಗೆಳೆಯರು ತೆರೆದ ದಾರಿಯಲ್ಲಿ ನಡೆದು ತಿಳಿಯಬೇಕಾಯಿತು.

1844ರಲ್ಲಿ ವೋಲರನು ಕ್ವಿನೋನ್ ಎಂಬ ಹಳದಿಯ ಪದಾರ್ಥಕ್ಕೆ ಜಲಜನಕವನ್ನು ಸೇರಿಸಿ ಬಣ್ಣವಿಲ್ಲದ ಹೈಡ್ರೋಕ್ವಿನೋನನ್ನು ಪಡೆದನು. ಅದನ್ನು ಮರಳಿ ಕ್ವಿನೋನಾಗಿಯೂ ಮಾಡಬಹುದು. ಹೋಗುವ ದಾರಿ ಅಪಕರ್ಷಣ, ಬರುವ ದಾರಿ ಉತ್ಕರ್ಷಣ. ಮುಂದೆ 1862ರಲ್ಲಿ ಸುಣ್ಣದ ಮೂಲಲೋಹವಾದ ಕ್ಯಾಲ್ಸಿಯಂ ಬೆರೆತ ಮಿಶ್ರಲೋಹವನ್ನು ಇಂಗಾಲದೊಡನೆ ತೀವ್ರವಾಗಿ ಕಾಯಿಸಿ ಕ್ಯಾಲ್ಸಿಯಂ ಕಾರ್ಬೈಡನ್ನು ಪಡೆದನು. ಅದರ ಮೇಲೆ ನೀರು ಬಿದ್ದರೆ ಅಸಿಟಿಲೀನ್ ಅನಿಲ ಹೊರಡುತ್ತದೆ. ವಿದ್ಯುತ್ತು ಬರುವ ಮುಂಚಿನ ಕಾಲದಲ್ಲಿ ಜಾತ್ರೆಯ ಅಂಗಡಿಗಳಲ್ಲಿ ಉರಿಯುತ್ತಿದ್ದ ಕಾರ್ಬೈಡ್ ದೀಪದ ಬೆಳಕು ಇದೇ. ಇಂದು ಅದೇ ಕಾರ್ಬೈಡಿನಿಂದ ಮಾವನ್ನು ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದೆ.

ಅಸಿಟಿಲೀನಿನ ಅಣುವಿನಲ್ಲಿ ಎರಡು ಇಂಗಾಲಗಳು ಮೂರು ಬಂಧಗಳಿಂದ ಕೈ ಹಿಡಿದಿರುತ್ತವೆ. ಅದಕ್ಕೆ ಜಲಜನಕವನ್ನು ಕೊಟ್ಟರೆ ಒಂದು ಬಂಧ ಬಿಚ್ಚಿ ಎರಡು ಜಲಜನಕಗಳಿಗೆ ಜಾಗವಾಗುತ್ತದೆ, ಅದು ಎಥಿಲೀನ್. ಮತ್ತೆ ಕೊಟ್ಟರೆ ಇನ್ನೆರಡು ಸೇರಿ ಈಥೇನ್. ಇದ್ದುದು ಯಾವುದೂ ಹೋಗದೆ ಹೊಸತು ಬಂದು ಸೇರುವ ಈ ಬಗೆಯು ಸಂಕಲನ. ‘ಹೊಲ’ಕ್ಕೆ ‘ಅನ್ನು’ ಸೇರುವಾಗ ನಡುವೆ ವಕಾರವು ಬಂದು ‘ಹೊಲವನ್ನು’ ಆಗುವ ಆಗಮಸಂಧಿಯನ್ನು ಇದು ನೆನಪಿಗೆ ತರುತ್ತದೆ. ಇದಕ್ಕೆ ಎದುರಾದುದು ವಿಲೋಪನ. ಮದ್ಯಸಾರವನ್ನು ಪ್ರಬಲ ಗಂಧಕಾಮ್ಲದೊಡನೆ ಕಾಯಿಸಿದರೆ ಅದರ ಅಣುವಿನಿಂದ ನೀರು ಕಳಚಿಕೊಂಡು ಎಥಿಲೀನ್ ಉಳಿಯುತ್ತದೆ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಉಕಾರವು ಜಾರಿಹೋಗುವ ಲೋಪಸಂಧಿಯಂತೆ.

ಒಂದು ಭೇದವನ್ನು ಮಾತ್ರ ಮರೆಯಬಾರದು. ಸಂಧಿಯಲ್ಲಿ ಲೋಪವಾದ ಅಕ್ಷರವು ಎಲ್ಲಿಗೂ ಹೋಗುವುದಿಲ್ಲ, ಅದು ಇಲ್ಲವಾಗುತ್ತದೆ. ರಸಾಯನದಲ್ಲಿ ಯಾವ ಪರಮಾಣುವೂ ಇಲ್ಲವಾಗದು. ಕಳಚಿದ ನೀರು ಪಾತ್ರೆಯಲ್ಲಿಯೋ ಆವಿಯಲ್ಲಿಯೋ ಇದ್ದೇ ಇರುತ್ತದೆ. ಎದ್ದುಹೋದ ಜಲಜನಕವು ಬೇರೊಂದು ಕ್ಲೋರಿನ್ನಿನೊಡನೆ ಜೋಡಿಯಾಗಿರುತ್ತದೆ. ಆದ್ದರಿಂದ ಯಾವುದೇ ಕ್ರಿಯೆಯನ್ನು ಕಂಡಾಗ ಮೂರು ಪ್ರಶ್ನೆ ಕೇಳಿದರೆ ಸಾಕು: ಬಂದವರಾರು, ಹೋದವರಾರು, ಜಾಗ ಬದಲಿಸಿದವರಾರು? ಉತ್ತರದಲ್ಲಿಯೇ ಕ್ರಿಯೆಯ ಜಾತಿ ತಿಳಿಯುತ್ತದೆ. ಅಡವಿಯಲ್ಲಿ ಕಾಲುದಾರಿ ಮೂಡುವುದು ಹೀಗೆ.

ಮತ್ತೆ ಯೂರಿಯಾ ಚೀಲಕ್ಕೆ ಬರೋಣ. ಕಾರ್ಖಾನೆಗಳು ವೋಲರನ ದಾರಿಯನ್ನು ಹಿಡಿಯುವುದಿಲ್ಲ. ಅಮೋನಿಯಾವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೆಚ್ಚಿನ ಒತ್ತಡದಲ್ಲಿ ಕೂಡಿಸುತ್ತಾರೆ. ಮೊದಲು ಎರಡೂ ಸೇರಿ ಒಂದು ಲವಣವಾಗುತ್ತದೆ, ಅನಂತರ ಆ ಲವಣದಿಂದ ನೀರು ಕಳಚಿ ಯೂರಿಯಾ ಉಳಿಯುತ್ತದೆ. ಮಂಗಳೂರಿನ ಪಣಂಬೂರಿನಲ್ಲಿ 1976ರಿಂದ ಯೂರಿಯಾ ತಯಾರಾಗುತ್ತಿದೆ. ಅದರಲ್ಲಿ ನೂರಕ್ಕೆ 46 ಭಾಗ ಸಾರಜನಕ. ಹೊಲಕ್ಕೆ ಬಿದ್ದ ಮೇಲೆ ಮಣ್ಣಿನ ಸೂಕ್ಷ್ಮಜೀವಿಗಳ ಕಿಣ್ವವು ನೀರಿನ ನೆರವಿನಿಂದ ಅದನ್ನು ಒಡೆದು ಅಮೋನಿಯಾ ಮಾಡುತ್ತದೆ. ಅದೂ ಜಲವಿಭಜನೆಯೇ. ಗೊಬ್ಬರವನ್ನು ಮಣ್ಣಿನಲ್ಲಿ ಬೆರೆಸದೆ ಮೇಲೆಯೇ ಬಿಟ್ಟರೆ ಅಮೋನಿಯಾ ಗಾಳಿಗೆ ಹಾರಿ, ಕೊಟ್ಟ ಹಣವೂ ಅದರೊಡನೆ ಹಾರುತ್ತದೆ. ಕ್ರಿಯೆಯ ಬಗೆಯನ್ನು ಅರಿಯುವುದು ಪರೀಕ್ಷೆಗಷ್ಟೇ ಅಲ್ಲ, ರೈತನ ಜೇಬಿಗೂ ಬೇಕಾದುದು.

ವೋಲರನ ಕೀರ್ತಿಯನ್ನು ಹಾಡುವವರು 1828ರಲ್ಲಿ ಒಂದೇ ಏಟಿಗೆ ಜೀವಶಕ್ತಿಯ ಕೋಟೆ ಕುಸಿಯಿತೆಂದು ಬರೆಯುವುದುಂಟು. ಸತ್ಯವು ಅಷ್ಟು ಸುಲಭವಲ್ಲ. ಆ ಕಾಲದಲ್ಲಿ ಸಯನೇಟನ್ನು ಪಡೆಯುತ್ತಿದ್ದುದೇ ಪ್ರಾಣಿಗಳ ರಕ್ತ, ಕೊಂಬು ಮೊದಲಾದುವುಗಳಿಂದ ಬಂದ ಪದಾರ್ಥದಿಂದ. ಆದ್ದರಿಂದ ಜೀವದ ಎಳೆಯೊಂದು ಉಳಿದೇ ಇದೆಯೆಂದು ವಾದಿಸಲು ಎಡೆಯಿತ್ತು. ಇದನ್ನು ವೋಲರನೇ ಬಲ್ಲವನಾಗಿದ್ದು, ಗೆದ್ದೆನೆಂದು ಡಂಗುರ ಹೊಡೆಯಲಿಲ್ಲ. 1845ರಲ್ಲಿ ಆತನ ಶಿಷ್ಯ ಕೋಲ್ಬೆಯು ನಿರ್ಜೀವ ಮೂಲಗಳಿಂದ ಹೊರಟು ವಿನೆಗರಿನ ಆಮ್ಲವನ್ನು ಮಾಡಿದನು. ಇತರರೂ ಒಂದೊಂದು ಕಲ್ಲನ್ನು ಕಿತ್ತರು. 1858ರಲ್ಲಿ ಕೆಕುಲೆಯು ಇಂಗಾಲಕ್ಕೆ ನಾಲ್ಕು ಕೈಗಳೆಂದು ತೋರಿಸಿದ ಮೇಲೆ ಅಣುವಿನೊಳಗಿನ ಜೋಡಣೆಯು ಕಣ್ಣಿಗೆ ಕಟ್ಟತೊಡಗಿತು. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಇಂಗೋಲ್ಡ್, ಹೋಗುವವನು ಮೊದಲು ಎದ್ದು ಆಮೇಲೆ ಬರುವವನು ಕೂಡುವನೋ ಅಥವಾ ಬರುವವನು ನೂಕುತ್ತಿರುವಾಗಲೇ ಹೋಗುವವನು ಏಳುವನೋ ಎಂಬ ಸೂಕ್ಷ್ಮವನ್ನೂ ವಿಂಗಡಿಸಿದನು. ಸಂಧಿಯ ಹೆಸರನ್ನು ಹೇಳಿದವನಿಗಿಂತ ಅದು ಏಕಾಯಿತೆಂದು ಸೂತ್ರ ಬರೆದವನು ಒಂದು ಹೆಜ್ಜೆ ಮುಂದಲ್ಲವೇ?

ವೋಲರನು ಸ್ವಭಾವದಲ್ಲಿ ಶಾಂತ. ಲೀಬಿಗನಾದರೋ ಮುಂಗೋಪಿ, ಪತ್ರಿಕೆಗಳಲ್ಲಿ ಸದಾ ಕಾಳಗ. ಒಮ್ಮೆ ವೋಲರನು ಆತನಿಗೆ ಬರೆದು, 1900ನೆಯ ಇಸವಿಯ ಹೊತ್ತಿಗೆ ನಾವಿಬ್ಬರೂ ಅನಿಲವಾಗಿಯೂ ನೀರಾಗಿಯೂ ಅಮೋನಿಯಾವಾಗಿಯೂ ಕರಗಿಹೋಗಿರುತ್ತೇವೆ, ಆಗ ಈ ಜಗಳಗಳನ್ನು ಕೇಳುವವರಾರು ಎಂದು ಸಮಾಧಾನ ಹೇಳಿದನು. ರಸಾಯನಜ್ಞನ ವೈರಾಗ್ಯವೆಂದರೆ ಇದೇ ಇರಬೇಕು. 1873ರಲ್ಲಿ ಲೀಬಿಗನೂ, 1882ರ ಸೆಪ್ಟೆಂಬರ್ 23ರಂದು ಗಟ್ಟಿಂಗೆನ್ನಿನಲ್ಲಿ ವೋಲರನೂ ತೀರಿಕೊಂಡರು. ನಲವತ್ತಾರು ವರ್ಷ ಆತನು ಕಲಿಸಿದ ಆ ಊರಿನಲ್ಲಿ ಆತನ ಪ್ರತಿಮೆಯು ನಿಂತಿದೆ.

ಪದಾರ್ಥಗಳ ನಡುವೆ ಇದ್ದ ಗೋಡೆ ಹೋಯಿತು. ಮನುಷ್ಯರ ನಡುವೆ ಅಂಥದೇ ಇನ್ನೊಂದು ಇನ್ನೂ ಅಲ್ಲಲ್ಲಿ ಉಳಿದಿದೆ. ವಿದ್ಯೆಯು ಕೆಲವು ಮನೆತನಗಳ ರಕ್ತದಲ್ಲಿಯೇ ಬರುವುದೆಂದೂ, ಹೊಲ ಉಳುವವರ ಮಕ್ಕಳಿಗೆ, ಅದರಲ್ಲಿಯೂ ಕನ್ನಡದಲ್ಲಿ ಓದಿದವರಿಗೆ, ಗಹನವಾದ ಶಾಸ್ತ್ರವು ದಕ್ಕದೆಂದೂ ಹೇಳುವವರನ್ನು ನಾನು ಕಂಡಿದ್ದೇನೆ. ಹಳೆಯ ಪಂಡಿತರು ಯೂರಿಯಾಕ್ಕೆ ಬೇಕೆಂದಿದ್ದ ಜೀವಶಕ್ತಿಯನ್ನೇ ಇವರು ವಿದ್ಯೆಗೆ ಬೇಕೆನ್ನುತ್ತಾರೆ. ಅವರೊಡನೆ ವಾದ ಮಾಡಿ ಪ್ರಯೋಜನವಿಲ್ಲ. ವೋಲರನೂ ವಾದ ಮಾಡಲಿಲ್ಲ. ಹರಳುಗಳನ್ನು ತೂಗಿ ತೋರಿಸಿದನು. ನಮ್ಮ ಕಲಾ ವಿಭಾಗದ ಮಿತ್ರರು ಒಮ್ಮೆ ವಿಜ್ಞಾನದ ಪುಸ್ತಕವನ್ನೂ, ವಿಜ್ಞಾನದ ಮಿತ್ರರು ಒಮ್ಮೆ ಸಂಧಿಪ್ರಕರಣವನ್ನೂ ತೆರೆದು ನೋಡಲಿ. ಎರಡರಲ್ಲಿಯೂ ಒಂದೇ ಮನುಷ್ಯಬುದ್ಧಿಯು ಕೆಲಸ ಮಾಡಿರುವುದು ಕಾಣುತ್ತದೆ. ಅದನ್ನು ಕಾಣಲು ಯಾರ ಮಗನಾಗಿ ಹುಟ್ಟಿದರೂ ಅಡ್ಡಿಯಿಲ್ಲ.